ಕಂತು ಅಷ್ಟೇ ಇದೆ, ಸಾಲ ಎಷ್ಟಿದೆ?

ಹಾಲಿನ ಬೆಲೆ ಏರಿದರೆ ನಮಗೆ ಅಂದೇ ಗೊತ್ತಾಗುತ್ತದೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಬೆಳಿಗ್ಗೆ ಹಾಲಿನ ಬೂತಿಗೆ ಹೋದವರು ಮನೆಗೆ ಬರುವ ಮೊದಲೇ ಲೆಕ್ಕ ಹಾಕಿದ್ದರು. ದಿನಕ್ಕೆ ಒಂದು ಲೀಟರ್ ಆದರೆ ತಿಂಗಳಿಗೆ 120 ರೂಪಾಯಿ ಹೆಚ್ಚು. ಕಾಗದ ಬೇಡ, ಪೆನ್ಸಿಲ್ ಬೇಡ. ಅಕ್ಷರ ಕಲಿಯುವ ಮೊದಲೂ ನಮಗೆ ಈ ಲೆಕ್ಕ ಬರುತ್ತಿತ್ತು.

2023ರ ಜುಲೈ ತಿಂಗಳು ನೆನಪಿದೆಯೇ? ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು. ಗಾಂಧಿ ಬಜಾರಿನಲ್ಲಿ ಬೆಲೆ ಕೇಳಿದೆವು. ಕೈಗೆತ್ತಿಕೊಂಡ ಹಣ್ಣನ್ನು ಬುಟ್ಟಿಗೇ ಹಾಕಿದೆವು. ಮನೆಗೆ ಬಂದು ಹುಣಸೆಹಣ್ಣು ಕಿವುಚಿ ಸಾರು ಮಾಡಿದೆವು.

ಸಾಮಾನಿನ ಬೆಲೆ ಕಣ್ಣಿಗೆ ಕಾಣುತ್ತದೆ. ಕೈಯಲ್ಲಿನ ದುಡ್ಡು ಕಡಿಮೆ ಆಗುವುದೂ ಕಾಣುತ್ತದೆ. ಆದರೆ ಒಂದು ಬೆಲೆ ಮಾತ್ರ ಸದ್ದಿಲ್ಲದೆ ಏರುತ್ತದೆ. ಅದು ಸಾಲದ ಬೆಲೆ. ಸಾಲದ ಬೆಲೆಗೆ ಬಡ್ಡಿ ಎಂದು ಹೆಸರು. ಮನೆ ಸಾಲದ ಬಡ್ಡಿ ಏರಿದರೆ ಮನೆಯ ಹೆಂಗಸಿಗೆ ಗೊತ್ತಾಗುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಗಂಡಸಿಗೂ ಗೊತ್ತಾಗುವುದಿಲ್ಲ. ಯಾಕೆ ಗೊತ್ತಾಗುವುದಿಲ್ಲ? ಇವತ್ತಿನ ಪಾಠ ಅದೇ.

ಮೊದಲು ನಾಲ್ಕು ಮಾತು

ಮನೆಯ ಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತರುತ್ತೇವೆ. ಇದು ಅಡಮಾನ. ಮನೆಯಲ್ಲಿ ನಾವೇ ಇರುತ್ತೇವೆ. ಪತ್ರ ಮಾತ್ರ ಬ್ಯಾಂಕಿನ ಬೀರುವಿನಲ್ಲಿ ಇರುತ್ತದೆ. ತಂದ ಹಣ ಅಸಲು. ಅದಕ್ಕೆ ಕೊಡುವ ಬಾಡಿಗೆ ಬಡ್ಡಿ. ತಿಂಗಳು ತಿಂಗಳು ಕಟ್ಟುವುದು ಕಂತು.

ಕಂತಿನ ಹೊಟ್ಟೆಯೊಳಗೆ ಎರಡು ಪಾಲು ಇರುತ್ತದೆ. ಒಂದು ಪಾಲು ಬಡ್ಡಿಗೆ. ಇನ್ನೊಂದು ಪಾಲು ಅಸಲಿಗೆ. ಬ್ಯಾಂಕು ಮೊದಲು ತನ್ನ ಬಡ್ಡಿ ತೆಗೆದುಕೊಳ್ಳುತ್ತದೆ. ಉಳಿದದ್ದು ಮಾತ್ರ ಅಸಲಿಗೆ ಹೋಗುತ್ತದೆ. ಈ ಮಾತನ್ನು ಇನ್ನೊಂದು ಸಲ ಓದಿ. ಪಾಠದ ಗಂಟು ಇಲ್ಲೇ ಇದೆ.

ಒಂದು ಲಕ್ಷದ ಲೆಕ್ಕ

ಸಾಲ 1,00,000 ರೂಪಾಯಿ ಎಂದುಕೊಳ್ಳೋಣ. ಬಡ್ಡಿ ವರ್ಷಕ್ಕೆ ನೂರಕ್ಕೆ 7. ತೀರಿಸಲು 20 ವರ್ಷ. ಆಗ ಕಂತು 775 ರೂಪಾಯಿ ಆಗುತ್ತದೆ.

ಒಂದು ವರ್ಷದ ಬಡ್ಡಿ 7,000. ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 583 ರೂಪಾಯಿ. ಕಂತು 775ರಲ್ಲಿ 583 ಬಡ್ಡಿಗೆ ಹೋಯಿತು. ಉಳಿದ 192 ಅಸಲಿಗೆ ಹೋಯಿತು. ಮುಂದಿನ ತಿಂಗಳು ಅಸಲು ಒಂದಿಷ್ಟು ಕಡಿಮೆ. ಹಾಗಾಗಿ ಬಡ್ಡಿಯೂ ಒಂದಿಷ್ಟು ಕಡಿಮೆ. ಅಸಲಿಗೆ ಹೋಗುವುದು ಒಂದಿಷ್ಟು ಹೆಚ್ಚು. ಹೀಗೆ ನಡೆಯುತ್ತಾ 20 ವರ್ಷಕ್ಕೆ ಸಾಲ ತೀರುತ್ತದೆ.

ಈಗ ಬಡ್ಡಿ ನೂರಕ್ಕೆ ಒಂಬತ್ತೂವರೆ ಆಯಿತು ಎನ್ನಿ. ವರ್ಷಕ್ಕೆ 9,500. ತಿಂಗಳಿಗೆ 791 ರೂಪಾಯಿ ಚಿಲ್ಲರೆ. ನಾವು ಕಟ್ಟುವುದು ಮಾತ್ರ 775!

ಬಡ್ಡಿಗೇ 16 ರೂಪಾಯಿ ಸಾಲದು. ಅಸಲಿಗೆ ಒಂದು ಪೈಸೆಯೂ ಹೋಗುವುದಿಲ್ಲ. ತಿಂಗಳು ತಪ್ಪದೆ ಕಟ್ಟಿದರೂ ಸಾಲ ಕರಗುವುದಿಲ್ಲ, ಬೆಳೆಯುತ್ತದೆ. ತೂತಿನ ಕೊಡದಲ್ಲಿ ನೀರು ಹೊತ್ತ ಹಾಗೆ.

ಇದು ಬರೀ ಪುಸ್ತಕದ ಲೆಕ್ಕವಲ್ಲ. ಬಡ್ಡಿ ನಿಜವಾಗಿಯೂ ಹೀಗೇ ಏರಿತು.

ಬಡ್ಡಿ ಏರಿಸಿದವರು ಯಾರು?

ನೃಪತುಂಗ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ರಿಸರ್ವ್ ಬ್ಯಾಂಕಿನ ದೊಡ್ಡ ಕಟ್ಟಡ ನೋಡಿರುತ್ತೀರಿ. ಅದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. ಅದು ಬ್ಯಾಂಕುಗಳಿಗೆ ಬ್ಯಾಂಕು. ನಮಗೆ ಸಾಲ ಕೊಡುವ ಬ್ಯಾಂಕಿಗೂ ಅದು ಸಾಲ ಕೊಡುತ್ತದೆ. ಆ ಸಾಲದ ಬಡ್ಡಿಗೆ ರೆಪೊ ದರ ಎಂದು ಹೆಸರು. ಟೀವಿಯಲ್ಲಿ ಈ ಮಾತು ಕೇಳಿರುತ್ತೀರಿ.

2022ರಲ್ಲಿ ಬೆಲೆಗಳು ಬಹಳ ಏರಿದವು. ಕೊರೋನಾ ಆಗಷ್ಟೇ ಮುಗಿಯುತ್ತಿತ್ತು. ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು. ಕಚ್ಚಾ ಎಣ್ಣೆ ತುಟ್ಟಿಯಾಯಿತು. ಅಡುಗೆ ಎಣ್ಣೆಯೂ ತುಟ್ಟಿಯಾಯಿತು. ಸೂರ್ಯಕಾಂತಿ ಎಣ್ಣೆ ಆ ದೇಶದಿಂದಲೂ ನಮಗೆ ಬರುತ್ತಿತ್ತು. ಎಲ್ಲೋ ದೂರದ ಯುದ್ಧ, ಇಲ್ಲಿ ಗವಿಪುರದ ಬಾಣಲೆಗೆ ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ದೇಶದ ಬೆಲೆ ಏರಿಕೆ ನೂರಕ್ಕೆ 7.79. ಅಂದರೆ ಹಿಂದಿನ ವರ್ಷ 100 ರೂಪಾಯಿಗೆ ಬಂದ ಸಾಮಾನಿಗೆ 107 ರೂಪಾಯಿ 79 ಪೈಸೆ ಕೊಡಬೇಕಾಯಿತು.

ಬೆಲೆ ಏರಿಕೆ ತಡೆಯಲು ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತದೆ. ಸಾಲ ತುಟ್ಟಿಯಾದರೆ ಜನ ಸಾಲ ಮಾಡುವುದು ಕಡಿಮೆ. ಕೊಳ್ಳುವುದೂ ಕಡಿಮೆ. ಕೊಳ್ಳುವವರು ಕಡಿಮೆಯಾದರೆ ಬೆಲೆ ಏರುವ ಓಟ ನಿಲ್ಲುತ್ತದೆ. ಇದು ಅವರ ಲೆಕ್ಕ. 2022ರ ಮೇ ತಿಂಗಳಲ್ಲಿ ರೆಪೊ ದರ 4 ಇತ್ತು. ಸಲ ಸಲಕ್ಕೂ ಏರಿಸುತ್ತಾ 2023ರ ಫೆಬ್ರವರಿಗೆ ಆರೂವರೆ ಮಾಡಿದರು. ಎರಡೂವರೆ ಹೆಚ್ಚಾಯಿತು. ಏಳಕ್ಕೆ ಎರಡೂವರೆ ಕೂಡಿಸಿ. ಒಂಬತ್ತೂವರೆ!

ಮದ್ದು ಇರಬಹುದು. ಆದರೆ ನೋಡಿ, ಬೆಲೆ ಏರಿದಾಗ ಹೆಚ್ಚಿಗೆ ಕೊಟ್ಟವರೂ ನಾವೇ. ಬೆಲೆ ಇಳಿಸುವ ಮದ್ದಿಗೆ ಹೆಚ್ಚಿಗೆ ಕೊಟ್ಟವರೂ ನಾವೇ. ಎಣ್ಣೆಗೂ ಕೊಟ್ಟೆವು, ಬಡ್ಡಿಗೂ ಕೊಟ್ಟೆವು.

ಎಲ್ಲ ಸಾಲಕ್ಕೂ ಹೀಗೆ ಆಗುವುದಿಲ್ಲ. ಬಡ್ಡಿಯಲ್ಲಿ ಎರಡು ಜಾತಿ. ಒಂದು ಸ್ಥಿರ ಬಡ್ಡಿ. ಬರೆದದ್ದು ಬರೆದ ಹಾಗೇ ಇರುತ್ತದೆ. ಇನ್ನೊಂದು ಬದಲಾಗುವ ಬಡ್ಡಿ. ಬ್ಯಾಂಕಿನವರು ಫ್ಲೋಟಿಂಗ್ ಎನ್ನುತ್ತಾರೆ. ನೀರಿನ ಮೇಲಿನ ಬೆಂಡಿನ ಹಾಗೆ ಮೇಲೆ ಕೆಳಗೆ ಆಡುತ್ತದೆ. ನಮ್ಮ ಕಡೆ ಮನೆ ಸಾಲ ಬಹುಪಾಲು ಈ ಎರಡನೆಯ ಜಾತಿ. ನಿಮ್ಮದು ಯಾವುದು? ಪತ್ರದಲ್ಲಿ ಬರೆದಿರುತ್ತದೆ. ಓದಿ ನೋಡಬೇಕು.

ಒಬ್ಬ ಅಕ್ಕ ತಂದ ಚೀಟಿ

ನಮ್ಮ ಓದುವ ಗುಂಪಿಗೆ ಒಬ್ಬ ಅಕ್ಕ ಬರುತ್ತಾರೆ. ಗವಿ ಗಂಗಾಧರೇಶ್ವರ ದೇವಸ್ಥಾನದ ಆಚೆ ಬೀದಿಯಲ್ಲಿ ಅವರ ಮನೆ. ಇಪ್ಪತ್ತು ಮೂವತ್ತರ ಸೈಟು, ಮಾವನ ಕಾಲದ್ದು. ಯಜಮಾನರು ಆಟೋ ಓಡಿಸುತ್ತಾರೆ. ಅಕ್ಕ ಬಸವನಗುಡಿಯಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಾರೆ. 2021ರ ಮಾರ್ಚ್‌ನಲ್ಲಿ ಮನೆ ಪತ್ರ ಇಟ್ಟು ಒಂದು ಬ್ಯಾಂಕಿನಲ್ಲಿ ಹತ್ತು ಲಕ್ಷ ಸಾಲ ತಂದರು. ಮೇಲೆ ಒಂದು ಪುಟ್ಟ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಬಾಡಿಗೆ 7,000. ಕಂತು 7,753. ಕೈಯಿಂದ 753 ಹಾಕಿದರೆ ಸಾಕು. ಒಳ್ಳೆಯ ಯೋಚನೆಯೇ.

2023ರ ಬೇಸಿಗೆಯಲ್ಲಿ ನಾವು ಗುಂಪಿನಲ್ಲಿ ಅಂಕಿ ಓದುವ ಪಾಠ ಮಾಡುತ್ತಿದ್ದೆವು. ಮನೆಯಲ್ಲಿ ಅಂಕಿ ಇರುವ ಯಾವ ಕಾಗದ ಇದ್ದರೂ ತನ್ನಿ ಎಂದಿದ್ದೆವು. ಒಬ್ಬರು ಕರೆಂಟ್ ಬಿಲ್ಲು ತಂದರು. ಒಬ್ಬರು ರೇಷನ್ ಕಾರ್ಡು. ಈ ಅಕ್ಕ ಬ್ಯಾಂಕಿನ ಸಾಲದ ಲೆಕ್ಕದ ಚೀಟಿ ತಂದರು. ಸ್ಟೇಟ್‌ಮೆಂಟ್ ಎನ್ನುತ್ತಾರಲ್ಲ, ಅದು. ಕಾಗದವೆಲ್ಲ ಇಂಗ್ಲಿಷಿನಲ್ಲಿ. ಆದರೆ ಅಂಕಿಗೆ ಭಾಷೆ ಇಲ್ಲ.

ಉಳಿದ ಅಸಲು ಎಂಬ ಕಡೆ ಬೆರಳಿಟ್ಟೆವು. 9,60,000 ಎಂದಿತ್ತು.

ಅಕ್ಕ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು. “ಎರಡು ವರ್ಷ ಕಟ್ಟಿದೀವಿ ಮಿಸ್. ಒಂದು ತಿಂಗಳೂ ತಪ್ಪಿಲ್ಲ. ಎಷ್ಟಾಯ್ತು ಕಟ್ಟಿದ್ದು?”

24 ಕಂತು. ಒಂದೊಂದು 7,753. ಗುಣಿಸಿದೆವು. 1,86,072 ರೂಪಾಯಿ. ಅಸಲು ಕಡಿಮೆಯಾದದ್ದು 40,000.

“ಬಡ್ಡಿ ಹೆಚ್ಚಾಗಿದ್ರೆ ಕಂತೂ ಹೆಚ್ಚಾಗ್ಬೇಕಿತ್ತಲ್ವಾ? ಕಂತು ಅಷ್ಟೇ ಐತೆ.”

ಇದೇ ಪ್ರಶ್ನೆ. ಇದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಬಡ್ಡಿ ಏರಿದಾಗ ಬ್ಯಾಂಕಿಗೆ ಎರಡು ದಾರಿ. ಕಂತು ಹೆಚ್ಚು ಮಾಡಬಹುದು. ಇಲ್ಲವೇ ಕಂತನ್ನು ಹಾಗೇ ಬಿಟ್ಟು ವರ್ಷ ಹೆಚ್ಚು ಮಾಡಬಹುದು. ಸಾಮಾನ್ಯವಾಗಿ ಬ್ಯಾಂಕುಗಳು ಎರಡನೆಯ ದಾರಿ ಹಿಡಿಯುತ್ತವೆ. ಕಂತು ಏರಿದರೆ ಜನ ಕಟ್ಟಲಾರರು, ಗಲಾಟೆ ಆಗುತ್ತದೆ. ವರ್ಷ ಬೆಳೆದರೆ ಯಾರೂ ಕೇಳುವುದಿಲ್ಲ. ಮೊಬೈಲಿಗೆ ಒಂದು ಇಂಗ್ಲಿಷ್ ಮೆಸೇಜು ಬಂದಿರುತ್ತದೆ. ಅದು ಹತ್ತು ಜಾಹೀರಾತಿನ ಮೆಸೇಜುಗಳ ನಡುವೆ ಕಳೆದುಹೋಗಿರುತ್ತದೆ.

ಬಡ್ಡಿ ಒಂಬತ್ತೂವರೆ ಆಗಿತ್ತು. 9,60,000ಕ್ಕೆ ವರ್ಷದ ಬಡ್ಡಿ 91,200. ತಿಂಗಳಿಗೆ 7,600. ಕಂತು 7,753. ಕಳೆಯಿರಿ. 153 ರೂಪಾಯಿ!

ಅಕ್ಕ ಕಟ್ಟುವ ಏಳು ಸಾವಿರ ಚಿಲ್ಲರೆಯಲ್ಲಿ ಅಸಲಿಗೆ ಹೋಗುತ್ತಿದ್ದದ್ದು ನೂರೈವತ್ತಮೂರು ರೂಪಾಯಿ. ಒಂದು ಮೊಳ ಮಲ್ಲಿಗೆ, ಅರ್ಧ ಕಿಲೋ ಬೇಳೆ ತಂದರೆ ಮುಗಿಯುವ ದುಡ್ಡು. ಇದೇ ಬಡ್ಡಿ, ಇದೇ ಕಂತು ಮುಂದುವರಿದರೆ ಸಾಲ ತೀರಲು ಇನ್ನೂ 41 ವರ್ಷ ಬೇಕು. ಉಳಿದಿರಬೇಕಾದದ್ದು 18 ವರ್ಷ.

“ನಮ್ಮೆಜಮಾನ್ರಿಗೆ ಈಗ ನಲವತ್ತಾರು” ಎಂದರು ಅಕ್ಕ. ಯಾರೋ ಹಿಂದಿನಿಂದ “ಹಂಗಾದ್ರೆ ಎಂಬತ್ತೇಳರ ತನಕ ಆಟೋ ಓಡಿಸ್ಬೇಕು ಬಿಡಕ್ಕ” ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಆದರೆ ಚೀಟಿಯನ್ನು ಮಡಿಸಿ ಸೆರಗಿನ ಗಂಟಿಗೆ ಹಾಕಿಕೊಂಡರು.

ನಿಜ ಹೇಳಬೇಕೆಂದರೆ 87ರ ತನಕ ಬ್ಯಾಂಕು ಬಿಡುವುದಿಲ್ಲ. ಸಾಲಗಾರನ ವಯಸ್ಸಿಗೆ ಅವರು ಒಂದು ಮಿತಿ ಇಟ್ಟಿರುತ್ತಾರೆ. ವರ್ಷ ಬೆಳೆಸಿ ಬೆಳೆಸಿ ಆ ಮಿತಿ ಮುಟ್ಟಿದ ದಿನ ಕಂತು ಏರಿಸುತ್ತಾರೆ. ದುಡಿಯುವ ಶಕ್ತಿ ಇಳಿಯುವ ವಯಸ್ಸಿನಲ್ಲಿ ಕಂತು ಏರುತ್ತದೆ.

ಐನೂರು ರೂಪಾಯಿಯ ಬಲ

ಮನೆಯಲ್ಲಿ ಮಾತು ಸುಲಭವಾಗಿ ಆಗಲಿಲ್ಲ. “ಕಂತು ಕಟ್ಟೋದು ನಾನು, ನಿಂಗ್ಯಾಕೆ ಅದೆಲ್ಲ?” ಎಂದರಂತೆ ಯಜಮಾನರು. ಅಕ್ಕ ಜಗಳ ಆಡಲಿಲ್ಲ. ಮೂರು ಅಂಕಿ ಬರೆದು ಆಟೋದ ಮೀಟರಿನ ಪಕ್ಕ ಸಿಕ್ಕಿಸಿದರಂತೆ. 7,753. 7,600. 153. ಸಂಜೆ ಅವರೇ ಬಂದು ಕೇಳಿದರಂತೆ, ಇದೇನೇ ಎಂದು. ಒಂದು ಮಾತು ಹೇಳಬೇಕು. ಸಾಲದ ಪತ್ರಕ್ಕೆ ಅಕ್ಕನೂ ಸಹಿ ಹಾಕಿದ್ದರು. ಸಹಿ ಹಾಕಿದವರೆಲ್ಲ ಸಾಲಗಾರರೇ. ಸಾಲ ತೀರಿಸುವ ಹೊಣೆ ಇದ್ದಮೇಲೆ ಲೆಕ್ಕ ಕೇಳುವ ಹಕ್ಕೂ ಇದೆ.

ಇಬ್ಬರೂ ಕೂಡಿ ಗುಂಪಿಗೆ ಬಂದರು. ಈ ಲೆಕ್ಕ ಮಾಡಿದೆವು.

ಕಂತಿನ ಮೇಲೆ ತಿಂಗಳಿಗೆ 500 ಹೆಚ್ಚಿಗೆ ಕಟ್ಟಿದರೆ ಏನಾಗುತ್ತದೆ? ಬಡ್ಡಿ ಆಗಲೇ 7,600 ಹೋಗಿದೆ. ಹೊಸ 500ರಲ್ಲಿ ಬಡ್ಡಿಗೆ ಪಾಲಿಲ್ಲ. ಅದು ಪೂರ್ತಿ ಅಸಲಿಗೆ. 153 ಇದ್ದದ್ದು 653 ಆಯಿತು. ನಾಲ್ಕು ಪಟ್ಟಿಗೂ ಹೆಚ್ಚು. 41 ವರ್ಷದ ಸಾಲ 27 ವರ್ಷಕ್ಕೆ ಇಳಿಯುತ್ತದೆ. ಸಾವಿರ ಹೆಚ್ಚಿಗೆ ಕಟ್ಟಿದರೆ ಇಪ್ಪತ್ತೊಂದೂವರೆ ವರ್ಷ. ತಿಂಗಳಿಗೆ ಹೆಚ್ಚಿಗೆ ಕಟ್ಟದೆ, ಒಂದೇ ಸಲ 50,000 ಅಸಲಿಗೆ ಕಟ್ಟಿದರೂ 28 ವರ್ಷಕ್ಕೆ ಇಳಿಯುತ್ತದೆ. ನಾವೂ ಮೊದಲು ನಂಬಲಿಲ್ಲ. ಎರಡು ಸಲ ಲೆಕ್ಕ ಮಾಡಿದೆವು. ಅದೇ ಬಂತು.

ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮುಂಚೆಯೇ ಹೆಚ್ಚಿಗೆ ಹಣ ಕಟ್ಟಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. ರಿಸರ್ವ್ ಬ್ಯಾಂಕು 2012ರಲ್ಲೇ ಇದನ್ನು ನಿಲ್ಲಿಸಿದೆ. ಆದರೆ ಕಟ್ಟುವಾಗ “ಇದು ಅಸಲಿಗೆ” ಎಂದು ಬರೆದು ಕೊಡಿ. ರಸೀತಿ ತೆಗೆದುಕೊಳ್ಳಿ.

ಐನೂರು ಎಲ್ಲಿಂದ ತರುವುದು? ಈ ಪ್ರಶ್ನೆ ನ್ಯಾಯವಾದದ್ದು. ಸಾರಿಗೆ ಒಂದು ಟೊಮೆಟೊ ಕಡಿಮೆ ಹಾಕಿ ಎಂದು ನಾವು ಹೇಳುವುದಿಲ್ಲ. ಅಂಥ ಉಪದೇಶ ಕೇಳಿ ಕೇಳಿ ನಮಗೂ ಸಾಕಾಗಿದೆ. ನಮ್ಮ ಹೆಂಗಸರು ಆಗಲೇ ಕಡಿಮೆ ಮಾಡಿ ಮಾಡಿ ತಳ ಮುಟ್ಟಿದ್ದಾರೆ. ಮನೆಯಲ್ಲಿ ಉಳಿದ ಅನ್ನ ತಿನ್ನುವವರು ಯಾರು ಎಂದು ಕೇಳಿದರೆ ಗೊತ್ತಾಗುತ್ತದೆ. ಹೊಸದಾಗಿ ಕೈಗೆ ಬಂದದ್ದು, ಇಲ್ಲವೇ ಹೋಗುವುದು ನಿಂತದ್ದು ಯಾವುದಾದರೂ ಇದೆಯೇ ನೋಡಬೇಕು. ಆ ಅಕ್ಕನಿಗೆ ಹಾಗೆ ಎರಡು ಸಿಕ್ಕಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ದುಡ್ಡು ಉಳಿಯಿತು. ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000. ಆ ಹಣ ಕೆಲವು ತಿಂಗಳು ತಡವಾಗಿಯೂ ಬಂದದ್ದುಂಟು. ಅದನ್ನೇ ನೆಚ್ಚಿ ಕಂತು ಗೊತ್ತು ಮಾಡಬೇಡಿ ಎಂದು ನಾವು ಹೇಳಿದೆವು. ಅಕ್ಕ ಬ್ಯಾಂಕಿನ ಕಂತನ್ನು ಹಾಗೇ ಬಿಟ್ಟರು. ದೀಪಾವಳಿಯಿಂದ, ಕೈಯಲ್ಲಿ ದುಡ್ಡಿರುವ ತಿಂಗಳು 500, ಕೆಲವು ತಿಂಗಳು 1,000 ಅಸಲಿಗೆ ಕಟ್ಟತೊಡಗಿದರು. ಮಗಳ ಕಾಲೇಜು ಫೀಸಿನ ತಿಂಗಳು ಕಟ್ಟಲಿಲ್ಲ. ಅದೂ ಸರಿಯೇ.

ಬಡ್ಡಿ ಇಳಿದಾಗ

ಏರಿದ್ದು ಇಳಿಯುತ್ತದೆ. 2025ರಲ್ಲಿ ರೆಪೊ ದರ ಇಳಿಯಿತು. ಫೆಬ್ರವರಿಯಲ್ಲಿ ಆರೂವರೆಯಿಂದ ಇಳಿಯಲು ಶುರುವಾಗಿ, ಡಿಸೆಂಬರಿಗೆ ಐದೂಕಾಲಿಗೆ ಬಂತು. ಒಂದೂಕಾಲು ಕಡಿಮೆ. ಲಕ್ಷಕ್ಕೆ ತಿಂಗಳಿಗೆ 104 ರೂಪಾಯಿ ಬಡ್ಡಿ ಕಡಿಮೆ. ಹತ್ತು ಲಕ್ಷ ಸಾಲ ಇದ್ದರೆ ಸಾವಿರ ರೂಪಾಯಿಗೂ ಹೆಚ್ಚು.

ಈ ಲಾಭ ನಿಮಗೆ ಬಂದಿದೆಯೇ? ಕೇಳಬೇಕು. 2019ರ ಅಕ್ಟೋಬರ್ 1ರ ನಂತರ ಬ್ಯಾಂಕಿನಲ್ಲಿ ತೆಗೆದ ಬದಲಾಗುವ ಬಡ್ಡಿಯ ಮನೆ ಸಾಲ ರೆಪೊ ದರದಂಥ ಹೊರಗಿನ ದರಕ್ಕೆ ಕಟ್ಟಿರುತ್ತದೆ. ಅದು ಇಳಿದರೆ ಇದೂ ಇಳಿಯಬೇಕು. ಅದಕ್ಕಿಂತ ಹಳೆಯ ಸಾಲ ಬೇರೆ ಲೆಕ್ಕದಲ್ಲಿ ಇರಬಹುದು. ಅದು ನಿಧಾನವಾಗಿ ಇಳಿಯುತ್ತದೆ. ಹೊಸ ಲೆಕ್ಕಕ್ಕೆ ಬದಲಾಯಿಸಲು ಎಷ್ಟು ಖರ್ಚು ಎಂದು ಬ್ಯಾಂಕಿನಲ್ಲಿ ಕೇಳಿ. ಬಡ್ಡಿ ಇಳಿದಾಗ ಕಂತು ಇಳಿಸಬೇಕೇ ಎಂದು ಕೇಳಿದರೆ, ಆಗುವ ಹಾಗಿದ್ದರೆ ಬೇಡ ಎನ್ನಿ. ಅದೇ ಕಂತು ಕಟ್ಟಿ. ವರ್ಷ ಇಳಿಯಲಿ.

ಕಂತಿಗೆ ಕೈಸಾಲ ಬೇಡ

ಒಂದು ತಿಂಗಳು ಕಂತಿಗೆ ಹಣ ಸಾಲಲಿಲ್ಲ. ಬೀದಿಯ ಕೊನೆಯಲ್ಲಿ ಬಡ್ಡಿಗೆ ಕೊಡುವವರು ಇದ್ದಾರೆ. “ಬರೀ ಮೂರು ರೂಪಾಯಿ ಬಡ್ಡಿ ಕಣಮ್ಮ” ಎನ್ನುತ್ತಾರೆ. ಮೂರು ಚಿಕ್ಕದು, ಒಂಬತ್ತೂವರೆ ದೊಡ್ಡದು ಅನ್ನಿಸುತ್ತದೆ. ಇಲ್ಲೇ ಮೋಸ ಹೋಗುತ್ತೇವೆ. ಬ್ಯಾಂಕಿನ ಒಂಬತ್ತೂವರೆ ವರ್ಷಕ್ಕೆ. ಇವರ ಮೂರು ತಿಂಗಳಿಗೆ. ಹನ್ನೆರಡರಿಂದ ಗುಣಿಸಿ. 36! ಐದು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 60. ಬಡ್ಡಿಯ ಮಾತು ಬಂದರೆ ಮೊದಲು ಕೇಳಬೇಕಾದದ್ದು ಇದು: ತಿಂಗಳಿಗೋ, ವರ್ಷಕ್ಕೋ?

ದಿನದ ಕಂತಿನ ಸಾಲ ಇನ್ನೂ ಕಷ್ಟ. ಕಡಲೆಕಾಯಿ ಪರಿಷೆಯ ಹೊತ್ತಿಗೆ, ಹಬ್ಬದ ಹೂವಿನ ವ್ಯಾಪಾರದ ಹೊತ್ತಿಗೆ ಇಂಥ ಸಾಲ ತೆಗೆಯುವವರು ಇದ್ದಾರೆ. ಹತ್ತು ಸಾವಿರ ಎನ್ನುತ್ತಾರೆ. ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಾವಿರ ರೂಪಾಯಿ ತಾನೇ ಅನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಹಣ ವಾಪಸು ಹೋಗುತ್ತಿರುತ್ತದೆ. ಪೂರ್ತಿ ಒಂಬತ್ತು ಸಾವಿರ ನಮ್ಮ ಬಳಿ ನೂರು ದಿನ ಇರುವುದೇ ಇಲ್ಲ. ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 75ಕ್ಕೂ ಹೆಚ್ಚು ಬೀಳುತ್ತದೆ.

ಒಂಬತ್ತರ ಸಾಲ ತೀರಿಸಲು ಮೂವತ್ತಾರರ ಸಾಲ ಮಾಡಿದವರು ಮೊದಲು ಒಡವೆ ಕಳೆದುಕೊಳ್ಳುತ್ತಾರೆ, ಆಮೇಲೆ ಮನೆ. ಅದಕ್ಕಿಂತ ಬ್ಯಾಂಕಿಗೇ ಹೋಗಿ. ಕಂತು ತಪ್ಪುವ ಮೊದಲೇ ಹೋಗಿ. ತಪ್ಪಿದ ಮೇಲೆ ಮಾತು ಬೇರೆ ಆಗುತ್ತದೆ. ಮೂರು ತಿಂಗಳು ಕಂತು ಬಾಕಿ ಬಿದ್ದರೆ ಅದು ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. 2002ರ ಒಂದು ಕಾನೂನಿನ ಪ್ರಕಾರ ಆಮೇಲೆ ಬ್ಯಾಂಕು 60 ದಿನದ ನೋಟೀಸು ಕೊಡಬಹುದು. ಅಷ್ಟರಲ್ಲಿ ಕಟ್ಟದಿದ್ದರೆ ಮನೆಯನ್ನೇ ವಶ ಮಾಡಿಕೊಳ್ಳಬಹುದು. ನೋಟೀಸು ಬಂದರೆ ಬಿಚ್ಚದೆ ದೇವರ ಪಟದ ಹಿಂದೆ ಇಡಬೇಡಿ. ಓದಿ. ಓದಲಾಗದಿದ್ದರೆ ಗುಂಪಿಗೆ ತನ್ನಿ.

ಕೈಸಾಲದವರು ಮನೆ ಮುಂದೆ ಬಂದು ಬೈದರೆ, ಸಾಮಾನು ಎತ್ತಿಕೊಂಡು ಹೋದರೆ ಸುಮ್ಮನಿರಬೇಕಾಗಿಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಇದಕ್ಕೇ ಒಂದು ಕಾನೂನು ಬಂತು. ಕಿರು ಸಾಲ ವಸೂಲಿಗೆ ಬಲವಂತ ಮಾಡಿದವರಿಗೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ ಇದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಕನ್ನಡದಲ್ಲಿ ಕೊಡಿ ಎನ್ನಿ

ಹೊಸ ಸಾಲ ತೆಗೆಯುವವರು ಇದನ್ನು ಗಮನ ಇಟ್ಟು ಓದಿ. 2024ರ ಅಕ್ಟೋಬರ್ 1ರಿಂದ ಒಂದು ನಿಯಮ ಬಂದಿದೆ. ಸಾಲ ಕೊಡುವ ಮೊದಲು ಬ್ಯಾಂಕು ಒಂದು ಪತ್ರ ಕೊಡಬೇಕು. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂದು ಅದರ ಹೆಸರು. ಮುಖ್ಯ ಸಂಗತಿಗಳ ಪತ್ರ ಎಂದರೆ ಸಾಕು. ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಬೇರೆ ಖರ್ಚು ಎಷ್ಟು, ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಇರಬೇಕು. ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ನಮಗೆ ತಿಳಿಯುವ ಭಾಷೆ ಕನ್ನಡ. ಬ್ಯಾಂಕಿನವರು ಅದನ್ನು ವಿವರಿಸಿಯೂ ಹೇಳಬೇಕು. ಒಪ್ಪಲು ಕಡೇ ಪಕ್ಷ ಮೂರು ಕೆಲಸದ ದಿನ ಬಿಡಬೇಕು. “ಇಲ್ಲೇ, ಈಗಲೇ ಸಹಿ ಹಾಕಿ” ಎಂದು ಯಾರಾದರೂ ಅವಸರ ಮಾಡಿದರೆ ಪತ್ರ ಮನೆಗೆ ತನ್ನಿ. ರಾತ್ರಿ ಊಟ ಆದ ಮೇಲೆ ಓದಿ.

ಆಗಲೇ ಸಾಲ ಇರುವವರಿಗೂ ಹಕ್ಕಿದೆ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಹೇಳಿತು. ಬಡ್ಡಿ ಬದಲಾಗಿ ಕಂತೋ ವರ್ಷವೋ ಹೆಚ್ಚಾದರೆ ಸಾಲಗಾರರಿಗೆ ಕೂಡಲೇ ತಿಳಿಸಬೇಕು. ಕಂತು ಹೆಚ್ಚು ಮಾಡಬೇಕೋ, ವರ್ಷ ಹೆಚ್ಚು ಮಾಡಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪವೋ ಎಂದು ಆರಿಸಲು ಬಿಡಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕದ ಚೀಟಿ ಸಿಗಬೇಕು. ಎಷ್ಟು ಅಸಲು ಹೋಯಿತು, ಎಷ್ಟು ಬಡ್ಡಿ ಹೋಯಿತು, ಇನ್ನೆಷ್ಟು ಕಂತು ಉಳಿದಿದೆ ಎಂದು ಅದರಲ್ಲಿ ಇರಬೇಕು. ನೀವು ಹುಡುಕಬೇಕಾದದ್ದು ಈ ಕೊನೆಯ ಅಂಕಿ. ಕಂತನ್ನು ನೋಡಬೇಡಿ. ಉಳಿದ ಕಂತು ಎಷ್ಟು ಎಂದು ನೋಡಿ.

ಸಾಲ ಪೂರ್ತಿ ತೀರಿದ ಮೇಲೆ ಮನೆಯ ಮೂಲ ಪತ್ರವನ್ನು 30 ದಿನದೊಳಗೆ ವಾಪಸು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಅರ್ಜಿ ಕೊಟ್ಟು 30 ದಿನ ಆದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಕೊಡಬಹುದು. ಖರ್ಚಿಲ್ಲ. ವಿಚಾರಿಸಲು ಫೋನ್ ನಂಬರು 14448.

ಭೋಗ್ಯದ ಮನೆಯಲ್ಲಿ ಇರುವವರಿಗೆ

ನಮಗೆ ಸ್ವಂತ ಮನೆ ಇಲ್ಲ, ಈ ಪಾಠ ಯಾಕೆ ಎನ್ನಬೇಡಿ. ಗವಿಪುರಂ, ಗುಟ್ಟಹಳ್ಳಿ, ಚಾಮರಾಜಪೇಟೆ ಕಡೆ ಎಷ್ಟೋ ಜನ ಭೋಗ್ಯಕ್ಕೆ ಇದ್ದಾರೆ. ಲೀಸು ಎಂದರೂ ಇದೇ. ಐದೋ ಹತ್ತೋ ಲಕ್ಷ ಒಟ್ಟಿಗೆ ಕೊಡುತ್ತೇವೆ. ಬಾಡಿಗೆ ಇಲ್ಲ. ಬಿಡುವಾಗ ಹಣ ವಾಪಸು. ಚೀಟಿ ಕಟ್ಟಿ, ಒಡವೆ ಮಾರಿ ಕೂಡಿಸಿದ ಹಣ ಅದು.

ಆ ಮನೆಯ ಮೇಲೆ ಮಾಲೀಕರು ಮೊದಲೇ ಬ್ಯಾಂಕಿನಲ್ಲಿ ಸಾಲ ಮಾಡಿದ್ದರೆ? ಬಡ್ಡಿ ಏರಿ ಅವರು ಕಂತು ಕಟ್ಟದೆ ಹೋದರೆ? ಬ್ಯಾಂಕು ಬರುವುದು ಮನೆಯ ಬಾಗಿಲಿಗೆ. ಆ ಬಾಗಿಲಿನ ಒಳಗೆ ಇರುವವರು ನಾವು. ಬೆಂಗಳೂರಿನಲ್ಲಿ ಹೀಗೆ ಮನೆಯೂ ಹೋಗಿ, ಕೊಟ್ಟ ಹಣವೂ ಹೋಗಿ ಬೀದಿಗೆ ಬಂದವರು ಇದ್ದಾರೆ.

ಹಣ ಕೊಡುವ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇಸಿ ಎಂದರೆ ಎಲ್ಲರಿಗೂ ಗೊತ್ತು. ಅದರಲ್ಲಿ ಕಾಣದ ಸಾಲವೂ ಇರಬಹುದು. ಅದಕ್ಕೇ ಇನ್ನೊಂದು ಕೇಳಿ. ಮನೆಯ ಮೂಲ ಪತ್ರ ತೋರಿಸಿ ಎನ್ನಿ. ಜೆರಾಕ್ಸ್ ತೋರಿಸಿದರೆ, ಮೂಲ ಎಲ್ಲಿದೆ ಎಂದು ಕೇಳಿ. ಅಡಮಾನ ಇಟ್ಟ ಮನೆಯ ಮೂಲ ಪತ್ರ ಬ್ಯಾಂಕಿನಲ್ಲಿ ಇರುತ್ತದೆ ಎಂದು ಮೊದಲೇ ಓದಿದೆವಲ್ಲ? ಮಾಲೀಕರು ಬೇಸರ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ.

ಅರ್ಜಿ ಬರೆಯೋಣ

ಬಿಟ್ಟ ಜಾಗದಲ್ಲಿ ನಿಮ್ಮ ವಿವರ ತುಂಬಿ. ಎರಡು ಪ್ರತಿ ಮಾಡಿ. ಒಂದು ಬ್ಯಾಂಕಿಗೆ. ಇನ್ನೊಂದರ ಮೇಲೆ ಬ್ಯಾಂಕಿನ ಮೊಹರು ಹಾಕಿಸಿ ನೀವು ಇಟ್ಟುಕೊಳ್ಳಿ.

ದಿನಾಂಕ: …………
ಇವರಿಗೆ,
ವ್ಯವಸ್ಥಾಪಕರು,
………… ಬ್ಯಾಂಕು, ………… ಶಾಖೆ.

ಮಾನ್ಯರೇ,
ನಮ್ಮ ಮನೆ ಸಾಲದ ಖಾತೆ ಸಂಖ್ಯೆ …………. ಈ ಸಾಲಕ್ಕೆ ಈಗ ಬಡ್ಡಿ ನೂರಕ್ಕೆ ಎಷ್ಟು? ಉಳಿದ ಅಸಲು ಎಷ್ಟು? ಇನ್ನು ಎಷ್ಟು ಕಂತು ಉಳಿದಿದೆ? ಸಾಲ ತೆಗೆದಾಗ ಎಷ್ಟು ಕಂತು ಎಂದು ಹೇಳಿದ್ದಿರಿ? ದಯವಿಟ್ಟು ಬರಹದಲ್ಲಿ ತಿಳಿಸಿ. ಕಂತು ಹೆಚ್ಚಿಸಿ ಅವಧಿ ಕಡಿಮೆ ಮಾಡುವುದಾದರೆ ಕಂತು ಎಷ್ಟಾಗುತ್ತದೆ ಎಂದೂ ತಿಳಿಸಿ.

ಇಂತಿ,
ಸಹಿ …………

ಅಭ್ಯಾಸ

2,00,000 ರೂಪಾಯಿ ಸಾಲ ಇದೆ. ಬಡ್ಡಿ ವರ್ಷಕ್ಕೆ ನೂರಕ್ಕೆ 9. ಒಂದು ತಿಂಗಳ ಬಡ್ಡಿ ಎಷ್ಟು? ಕಂತು 1,800 ಆದರೆ ಅಸಲಿಗೆ ಎಷ್ಟು ಹೋಗುತ್ತದೆ?

ಒಬ್ಬರು ತಿಂಗಳಿಗೆ ನೂರಕ್ಕೆ 2 ಬಡ್ಡಿ ಕೇಳುತ್ತಾರೆ. ಇನ್ನೊಬ್ಬರು ವರ್ಷಕ್ಕೆ ನೂರಕ್ಕೆ 14 ಕೇಳುತ್ತಾರೆ. ಯಾರದು ಹೆಚ್ಚು? ಎಷ್ಟು ಹೆಚ್ಚು?

ನಿಮ್ಮ ಮನೆಯಲ್ಲಿ ಸಾಲದ ಪತ್ರ, ಲೀಸಿನ ಕರಾರು, ಒಡವೆ ಇಟ್ಟ ಚೀಟಿ ಯಾವುದಾದರೂ ಇದೆಯೇ? ಎಲ್ಲಿದೆ ಎಂದು ಕೇಳಿ ಹುಡುಕಿ. ಬಡ್ಡಿ ಎಂಬ ಮಾತು ಎಲ್ಲಿದೆ ನೋಡಿ, ಅದರ ಪಕ್ಕದ ಅಂಕಿಯನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ವಾರ ಗುಂಪಿಗೆ ಬರುವಾಗ ಆ ಪುಸ್ತಕ ತನ್ನಿ.